ಫ್ಯಾನು, ಸ್ವಿಚ್ಚು, ನಲ್ಲಿ, ಕ್ಯಾಮೆರಾ ಎಲ್ಲಾ ಕಪ್ಪು ಹಾಕ್ಸೋದು ಸರೀನಾ?

ಗೋಡೆಗೆ ಕ್ರೀಮ್, ಸೀಲಿಂಗ್‌ಗೆ ಬಿಳಿ, ಬಾಗಿಲು ತೇಗದ್ದು, ಇನ್ನು ಫ್ಯಾನಿಂದ ನಲ್ಲಿವರೆಗೂ ಎಲ್ಲಾ ಮ್ಯಾಟ್ ಬ್ಲಾಕ್ ತಗೊಳ್ಳೋಣ ಅಂತಿದೀವಿ, ಮನೇಲಿ ವಯಸ್ಸಾದ ಅತ್ತೆ ಮಾವ ಇದಾರೆ ಅಂತ ಬರೆದಿದೀರ. ನಂದು ಶಿವಮೊಗ್ಗದಲ್ಲಿ ಎಲೆಕ್ಟ್ರಿಕಲ್ ಅಂಗಡಿ, ಇದೇ ಪ್ರಶ್ನೆ ಇಟ್ಕೊಂಡು ಜನ ಬರ್ತಾನೇ ಇರ್ತಾರೆ, ಅವ್ರಿಗೆ ಹೇಳೋದನ್ನೇ ನಿಮಗೂ ಹೇಳ್ತೀನಿ: ಎಲ್ಲಾದಕ್ಕೂ ಒಂದೇ ಬಣ್ಣ ಬೇಡ. ಯಾವ್ದು ತನ್ನ ಪಾಡಿಗೆ ತಾನು ಕೆಲಸ ಮಾಡ್ಕೊಂಡಿದ್ರೆ ಸಾಕೋ ಅದಕ್ಕೆ ಹಿಂದಿರೋ ಗೋಡೆ ಅಥವಾ ಸೀಲಿಂಗ್ ಬಣ್ಣ, ಯಾವುದನ್ನ ಕೈ ಹುಡುಕುತ್ತೋ ಅದಕ್ಕೆ ಎದ್ದು ಕಾಣೋ ಬಣ್ಣ.

ಅದಕ್ಕೇ ಸ್ವಿಚ್ ಬೋರ್ಡಿಂದ ಶುರು ಮಾಡಿ. ಕ್ರೀಮ್ ಗೋಡೆ ಮೇಲೆ ಬಿಳಿ ಪ್ಲೇಟು, ಬಿಳಿ ಸ್ವಿಚ್ಚು ಇದ್ರೆ ಫೋಟೋದಲ್ಲಿ ಚೆನ್ನಾಗಿರುತ್ತೆ, ಆದ್ರೆ ಕಣ್ಣಿಗೆ ಪೊರೆ ಬಂದಿರೋರಿಗೆ ಸಂಜೆ ಮಬ್ಬಲ್ಲಿ ಅದು ಗೋಡೇಲೇ ಕರಗಿಹೋಗುತ್ತೆ, ಪಾಪ ತಡಕಾಡ್ತಾರೆ. ಹಾಗಂತ ಪ್ಲೇಟೂ ಕಪ್ಪು ಸ್ವಿಚ್ಚೂ ಕಪ್ಪು ಮಾಡಿದ್ರೆ ಬೋರ್ಡ್ ಎಲ್ಲಿದೆ ಗೊತ್ತಾಗುತ್ತೆ, ಅದರೊಳಗೆ ಸ್ವಿಚ್ ಎಲ್ಲಿ ಅಂತ ಗೊತ್ತಾಗಲ್ಲ. ಕಡು ಬೂದಿ ಅಥವಾ ಮರದ ಬಣ್ಣದ ಪ್ಲೇಟು, ಒಳಗೆ ಬಿಳಿ ಸ್ವಿಚ್ಚು, ಇದು ನಿಮ್ಮ ತೇಗದ ಬಾಗಿಲಿಗೂ ಹೊಂದುತ್ತೆ. ಅತ್ತೆ ಮಾವನ ರೂಮು, ಬಾತ್‌ರೂಮ್ ಹೊರಗಡೆ, ಮೆಟ್ಟಿಲ ಹತ್ರ ಇಂಡಿಕೇಟರ್ ಇರೋ ಸ್ವಿಚ್ ಹಾಕ್ಸಿ, ಕತ್ತಲಲ್ಲಿ ಸಣ್ಣ ಬೆಳಕು ಕಾಣುತ್ತೆ. ಕಮೋಡ್ ಪಕ್ಕ ಹಿಡ್ಕೊಳ್ಳೋ ರಾಡ್ ಹಾಕ್ಸೋದಿದ್ರೆ ಅದೂ ಟೈಲ್ಸ್‌ಗಿಂತ ಬೇರೆ ಬಣ್ಣದ್ದೇ ಇರ್ಲಿ, ಇದರಲ್ಲಿ ಅಂದ ಚಂದ ಆಮೇಲೆ ನೋಡೋಣ.

ಫ್ಯಾನ್ ಬಿಳಿ ಅಥವಾ ಐವರಿ ತಗೊಳ್ಳಿ, ಸೀಲಿಂಗ್ ಎತ್ತರ ಕಮ್ಮಿ ಇದ್ರಂತೂ ಕಪ್ಪು ಫ್ಯಾನ್ ತಲೆ ಮೇಲೇ ಇದೆ ಅನ್ನಿಸುತ್ತೆ. ಬಿಳಿ ಫ್ಯಾನಿನ ರೆಕ್ಕೆ ಅಂಚಲ್ಲಿ ಕಪ್ಪು ಗೆರೆ ಬೇಗ ಕಾಣುತ್ತೆ ಅನ್ನೋದು ನಿಜ, ಆದ್ರೆ ಕಪ್ಪು ಫ್ಯಾನ್ ಮೇಲೆ ಬೂದು ಧೂಳೂ ಅಷ್ಟೇ ಬೇಗ ಕಾಣುತ್ತೆ, ಧೂಳು ಮರೆಮಾಚೋದ್ರಲ್ಲಿ ನಮ್ಮ ಹಳೇ ಬ್ರೌನೇ ವಾಸಿ, ಊಟದ ಮನೆಗೆ ಅದನ್ನೇ ಹಾಕ್ಸಿ. ಬಣ್ಣಕ್ಕಿಂತ ಮೊದ್ಲು ಬಿಎಲ್‌ಡಿಸಿ, ಅಂದ್ರೆ ಕಮ್ಮಿ ಕರೆಂಟ್ ತಿನ್ನೋ ಮೋಟರ್ ಇರೋ ಫ್ಯಾನ್ ಹೌದಾ ನೋಡಿ, ಹಳೇ ಫ್ಯಾನ್ ಸುಮಾರು 75 ವ್ಯಾಟ್ ತಿಂದ್ರೆ ಇದು 30ರ ಆಸುಪಾಸು.

ಕಡು ಬಣ್ಣ ನಿಜವಾಗ್ಲೂ ಕೆಲಸಕ್ಕೆ ಬರೋದು ಟಿವಿ ಹತ್ರ. 55 ಇಂಚಿನ ಟಿವಿ ಅಂದ್ರೆ ಸುಮಾರು ನಾಲ್ಕಡಿ ಅಗಲ, ಆಫ್ ಆಗಿದ್ದಾಗ ಕ್ರೀಮ್ ಗೋಡೆ ಮೇಲೆ ದೊಡ್ಡ ಕಪ್ಪು ಚೌಕ. ಆ ಒಂದು ಗೋಡೆಗೆ ಕಡು ಬೂದಿ ಬಣ್ಣ ಹೊಡೆಸಿದ್ರೆ ಟಿವಿ, ಸೌಂಡ್‌ಬಾರ್, ಸೆಟ್ ಟಾಪ್ ಬಾಕ್ಸ್ ಎಲ್ಲಾ ಅದರಲ್ಲಿ ಸೇರ್ಕೊಳ್ಳುತ್ತೆ. ಆ ಗೋಡೆಗೆ ಹೊಳಪಿರೋ ಗ್ಲಾಸಿ ಲ್ಯಾಮಿನೇಟ್ ಹಾಳೆ ಮಾತ್ರ ಬೇಡ, ಎದುರಿನ ಕಿಟಕಿ, ಟ್ಯೂಬ್‌ಲೈಟ್ ಎಲ್ಲಾ ಅದರಲ್ಲಿ ಹೊಳೀತಿರುತ್ತೆ, ಸಿನಿಮಾ ನೋಡೋಕೆ ಹಿಂಸೆ.

ನಲ್ಲಿ ವಿಷಯ ನಿಮ್ಮ ನೀರಿನ ಮೇಲೆ ಹೋಗುತ್ತೆ. ನಮ್ಮೂರ ತುಂಗಾ ನೀರಿಗೆ ಅಷ್ಟು ತೊಂದ್ರೆ ಇಲ್ಲ, ಬೋರ್ ನೀರಾದ್ರೆ ಕಪ್ಪು ನಲ್ಲಿ ಮೇಲೆ ಬಿಳಿ ಕಲೆ ಕೂರುತ್ತೆ, ಅದನ್ನ ತೆಗಿಯೋಕೆ ಆಸಿಡ್ ಹಾಕಿ ಉಜ್ಜಿದ್ರೆ ಕೋಟಿಂಗೇ ಹೋಗುತ್ತೆ. ಬೋರ್ ಇದ್ರೆ ಕ್ರೋಮೇ ಹಾಕ್ಸಿ.

ಹೊರಗಡೆ ಕ್ಯಾಮೆರಾ ಬಿಳೀದೇ ಇರ್ಲಿ, ಪಶ್ಚಿಮದ ಬಿಸಿಲಿಗೆ ಕಪ್ಪು ಬಾಡಿ ಜಾಸ್ತಿ ಕಾಯುತ್ತೆ. ಇನ್ನೊಂದು, ಅದನ್ನ ಸಜ್ಜಾಕ್ಕೋ ಪಕ್ಕದ ಗೋಡೆಗೋ ತೀರಾ ಒತ್ತಿ ಕೂರಿಸಬೇಡಿ, ರಾತ್ರಿ ಅದರ ಇನ್‌ಫ್ರಾರೆಡ್ ಬೆಳಕು ಆ ಗೋಡೆಗೆ ಹೊಡ್ದು ವಾಪಸ್ ಬಂದು ಚಿತ್ರ ಬೆಳ್ಳಗಾಗುತ್ತೆ. ಎಸಿಗೆ ಬಿಳಿ ಸಾಕು, ಕಿಟಕಿ ಬಿಸಿಲು ನೇರ ಬೀಳೋ ಜಾಗ ಬಿಟ್ಟು ಹಾಕ್ಸಿ, ಬಿಸಿಲಿಗೆ ಪ್ಲಾಸ್ಟಿಕ್ ಹಳದಿ ತಿರುಗುತ್ತೆ.

ದುಡ್ಡು ಕೊಡೋ ಮುಂಚೆ ಅಂಗಡಿಯವ್ರ ಹತ್ರ ಒಂದು ಪ್ಲೇಟ್ ಕೇಳಿ ತಗೊಂಡ್ಹೋಗಿ ರಾತ್ರಿ ನಿಮ್ಮ ಮನೆ ಲೈಟಲ್ಲೇ ಗೋಡೆಗೆ ಹಿಡ್ದು ನೋಡಿ, 3000 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ವಾರ್ಮ್ ಬಲ್ಬಿಗೆ ಕ್ರೀಮ್ ಹಳದಿಗೆ ಹೋಗುತ್ತೆ, 6500 ಕೆ ಬಿಳಿ ಬಲ್ಬ್ ಹಾಕಿದ್ರೆ ಅದೇ ಗೋಡೆ ಪೇಲವ. ಪ್ಲೇಟುಗಳನ್ನ ಪ್ರತಿ ಸೈಜಲ್ಲೂ ಒಂದೊಂದು ಎಕ್ಸ್ಟ್ರಾ ತಗೊಂಡಿಡಿ, ಕಂಪನಿಗಳು ಬಣ್ಣ ನಿಲ್ಲಿಸಿಬಿಡ್ತಾರೆ, ಆಮೇಲೆ ಒಂದು ಒಡೆದ್ರೆ ಆ ಶೇಡ್ ಸಿಗಲ್ಲ.