ಕೀಮೋ ನಡೆಯುವಾಗ ಯೋಗ, ತಾಯ್ ಚಿ ಮಾಡಬಹುದಾ, ಇಲ್ಲಾ ಮಲಗಿಯೇ ಇರಬೇಕಾ?

ಜಮಖಂಡಿಯಲ್ಲಿರುವ ನಿಮ್ಮ ಅವ್ವನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ಕೀಮೋ ನಡೆದಿದೆ, ನೆಂಟರೆಲ್ಲ "ಹಾಸಿಗೆ ಬಿಟ್ಟು ಏಳಬೇಡ" ಅಂತಾರೆ ಎಂದು ಬರೆದಿದ್ದೀರಿ. ನನಗೂ ಅದನ್ನೇ ಹೇಳಿದ್ದರು. ನಾನು ವಿಜಯಪುರದವಳು, ಇದೇ ಕಾಯಿಲೆ, ನಾಲ್ಕು ವರ್ಷವಾಯಿತು. ಮೊದಲ ಎರಡು ಕೀಮೋ ಅವರ ಮಾತು ಕೇಳಿ ಮಲಗಿಯೇ ಕಳೆದೆ. ಮಲಗಿದಷ್ಟೂ ಸುಸ್ತು ಜಾಸ್ತಿ ಆಯಿತು.

ನಾನು ಶುರು ಮಾಡಿದ್ದು ಅಡುಗೆಮನೆ ಗೋಡೆಯಿಂದ. ಕಂಕುಳಿನ ಗಂಟು ತೆಗೆದಿದ್ದರಿಂದ ಎಡಗೈ ಹೆಗಲ ಮೇಲಕ್ಕೆ ಏಳುತ್ತಿರಲಿಲ್ಲ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ಗೋಡೆಗೆ ಮುಖ ಮಾಡಿ ನಿಂತು, ಇರುವೆ ಹತ್ತಿದ ಹಾಗೆ ಬೆರಳು ಹತ್ತಿಸುವುದು. ಎಳೆತ ಗೊತ್ತಾದಲ್ಲಿ ನಿಲ್ಲಿಸಿ, ಉದ್ದಕ್ಕೆ ಉಸಿರು ಬಿಟ್ಟು, ಬಳಪದಲ್ಲಿ ಗೆರೆ ಎಳೆಯುವುದು. ಮೊದಲ ಗೆರೆ ಸ್ವಿಚ್ ಬೋರ್ಡಿನ ಹತ್ತಿರ ಇತ್ತು. ಏಳನೇ ವಾರ ಜೋಳದ ಹಿಟ್ಟಿನ ಡಬ್ಬಿ ಇಡುವ ಹಲಗೆ ಮುಟ್ಟಿದೆ. ಡಬ್ಬಿ ಇಳಿಸಲು ಮಾತ್ರ ಸೊಸೆ ಬಿಡಲಿಲ್ಲ.

ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಕೀಮೋ ಔಷಧಿ ಶುರುವಾದ ಮೇಲೆ ಪಾದ ಜೋಮು ಹಿಡಿಯಿತು. ಒಮ್ಮೆ ಚಪ್ಪಲಿ ಕಳಚಿದ್ದೇ ಗೊತ್ತಾಗದೆ ಬರಿಗಾಲಲ್ಲಿ ಅಂಗಳ ದಾಟಿದ್ದೆ. ಹಾಗಾಗಿ ಮಗ ಮೊಬೈಲಲ್ಲಿ ತೋರಿಸಿದ ತಾಯ್ ಚಿಯನ್ನು, ಅಂದರೆ ಚೀನಾದ ನಿಧಾನ ಚಲನೆಯ ವ್ಯಾಯಾಮವನ್ನು, ಕಿಟಕಿ ಸರಳು ಹಿಡಿದೇ ಮಾಡಿದೆ. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ನಿಧಾನವಾಗಿ ಸರಿಸುವುದೇ ಅದರಲ್ಲಿ ಮುಖ್ಯ. ನೋಡಿದವರಿಗೆ ಸುಮ್ನೆ ನಿಂತ ಹಾಗೆ ಕಾಣುತ್ತದೆ! ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಆಸ್ಕೊ 2024ರಲ್ಲಿ ಚಿಕಿತ್ಸೆ ವೇಳೆಯ ಸುಸ್ತಿಗೆ ವ್ಯಾಯಾಮ, ತಾಯ್ ಚಿ, ಅದರಂಥದೇ ಚೀನಾದ ಉಸಿರು-ಚಲನೆಯ ಅಭ್ಯಾಸ ಕ್ವಿಗಾಂಗ್ ಮಾಡಿಸಿ ಎಂದಿದೆ. ಚಿಕಿತ್ಸೆ ಮುಗಿದ ಮೇಲೂ ಉಳಿಯುವ ಸುಸ್ತಿಗೆ ಯೋಗವನ್ನೂ ಹೇಳಿದೆ.

ಇದೆಲ್ಲ ಸುಸ್ತಿನ ಮಾತು, ಕ್ಯಾನ್ಸರ್ ವಾಸಿ ಮಾಡುವ ಮಾತಲ್ಲ. ನಮ್ಮ ಓಣಿಯ ಯೋಗ ಗುರುಗಳೊಬ್ಬರು "ಕಪಾಲಭಾತಿ ಮಾಡಿ, ಕೀಮೋ ಯಾಕೆ ಬೇಕು" ಅಂದಿದ್ದರು. ಹೊಲಿಗೆ ಇನ್ನೂ ಹಸಿ ಇದ್ದವಳಿಗೆ! ಆ ಕಡೆ ಮತ್ತೆ ಹೋಗಲಿಲ್ಲ.

ಶುರು ಮಾಡುವ ಮುಂಚೆ ಡಾಕ್ಟರನ್ನು ಕೇಳಿ, ಎಲುಬಿಗೆ ಹಬ್ಬಿದೆಯಾ, ರಕ್ತಸ್ರಾವ ತಡೆಯುವ ಕಣ ಪ್ಲೇಟ್‌ಲೆಟ್ ಎಷ್ಟಿದೆ ಅಂತ. ಎಲುಬಿಗೆ ಹಬ್ಬಿದ್ದರೆ ಬೆನ್ನು ತಿರುಚುವ, ಪೂರ್ತಿ ಬಗ್ಗುವ ಆಸನ ಬೇಡವೇ ಬೇಡ. ಕೀಮೋ ಆದ 7ರಿಂದ 14 ದಿನದ ಹೊತ್ತಿಗೆ ಸಾಮಾನ್ಯವಾಗಿ ಬಿಳಿ ರಕ್ತಕಣ ಕಡಿಮೆ ಇರುತ್ತವೆ, ಸೋಂಕು ಬೇಗ ತಗಲುತ್ತದೆ, ಆಗ ಜನ ಸೇರುವ ಕ್ಲಾಸಿಗೆ ಕಳಿಸಬೇಡಿ. ಜ್ವರ ಬಂದರೆ ನೇರ ಆಸ್ಪತ್ರೆಗೆ. ಆ ದಿನಗಳಲ್ಲಿ ನಾನು ಬಿಸಿಲೇರುವ ಮುಂಚೆ ಮಾಳಿಗೆ ಮೇಲೆ ಕುರ್ಚಿ ಹಾಕಿಸಿಕೊಂಡು, ಗೋಳಗುಮ್ಮಟದ ಕಡೆ ನೋಡುತ್ತಾ ಹತ್ತು ನಿಮಿಷ ಹೆಗಲು ತಿರುಗಿಸುತ್ತಿದ್ದೆ, ಉಸಿರು ಎಣಿಸುತ್ತಿದ್ದೆ. ಕೆಲವು ದಿನ ಐದು ನಿಮಿಷಕ್ಕೇ ಸಾಕಾಗುತ್ತಿತ್ತು, ಇಳಿದು ಬಂದು ಮಲಗುತ್ತಿದ್ದೆ.