ಹತ್ತಿರದ ಬಂದರಿದ್ದೂ ದೂರಕ್ಕೆ ಏಕೆ?

ದಾವಣಗೆರೆಯ ಮೆಕ್ಕೆಜೋಳದ ವರ್ತಕರೊಬ್ಬರು ಬರೆದಿದ್ದಾರೆ: "ಚೆನ್ನೈಗಿರುವ ದೂರದ ಸರಿಸುಮಾರು ಅರ್ಧದಲ್ಲಿ ಮಂಗಳೂರು ಸಿಗುತ್ತದೆ. ಆದರೂ ನಮ್ಮ ಕಂಟೇನರುಗಳು ಚೆನ್ನೈಗೋ ಮುಂಬೈ ಬಳಿಯ ನವ ಶೇವಾಕ್ಕೋ ಹೋಗುತ್ತವೆ. ಇದು ನವಮಂಗಳೂರು ಬಂದರಿನ ಸೋಲಲ್ಲವೇ? ಕೇರಳದಲ್ಲಿ ವಿಳಿಂಜಂ ಬಂದರು ಶುರುವಾದ ಮೇಲಂತೂ ಮಂಗಳೂರಿನ ಗತಿಯೇನು?"

ಸಂಪಾದಕರ ಉತ್ತರ:

ಮಾನ್ಯರೇ, ವರ್ತಕರು ಬಂದರನ್ನು ಆರಿಸುವ ಮೊದಲೇ ಹಡಗು ಕಂಪನಿಗಳು ಆರಿಸಿಯಾಗಿರುತ್ತದೆ. ದೊಡ್ಡ ಹಡಗು ನಿಂತಷ್ಟು ಹೊತ್ತೂ ಖರ್ಚು ಏರುತ್ತಲೇ ಇರುವುದರಿಂದ, ಒಂದೇ ನಿಲುಗಡೆಯಲ್ಲಿ ಸಾಕಷ್ಟು ಕಂಟೇನರುಗಳನ್ನು ಇಳಿಸಿ ಏರಿಸಲು ಸಾಧ್ಯವಿರುವ ಕಡೆಗಷ್ಟೇ ಅದು ಬರುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಖಾಲಿ ಕಂಟೇನರಿನ ಪ್ರಶ್ನೆ. ನೀವು ಜೋಳ ತುಂಬುವ ಕಂಟೇನರು ನಿಮ್ಮದೂ ಅಲ್ಲ, ಬಂದರಿನದೂ ಅಲ್ಲ. ಬಹುಪಾಲು ಅದು ಹಡಗು ಕಂಪನಿಯದು, ಮತ್ತು ಆಮದಿನ ಸರಕು ಹೊತ್ತು ಬಂದು ಬರಿದಾದಾಗಲೇ ನಿಮಗೆ ಅಗ್ಗಕ್ಕೆ ಸಿಗುವುದು. ನವಮಂಗಳೂರು ಬಂದರಿರುವ ಪಣಂಬೂರಿನಲ್ಲಿ ಇಳಿಯುವ ಸರಕಿನ ದೊಡ್ಡ ಪಾಲು ಕಚ್ಚಾ ತೈಲ, ಕಲ್ಲಿದ್ದಲು ಮತ್ತು ಎಲ್‌ಪಿಜಿ; ಇವು ಕಂಟೇನರಿನಲ್ಲಿ ಬರುವಂಥವಲ್ಲ. ಅಲ್ಲಿ ಕಂಟೇನರಿನಲ್ಲಿ ಬರುವ ಮುಖ್ಯ ಸರಕುಗಳಲ್ಲೊಂದು ಆಫ್ರಿಕಾದ ಕಚ್ಚಾ ಗೇರುಬೀಜ. ಆ ಕಂಟೇನರು ಖಾಲಿಯಾಗುವುದನ್ನೇ ಕೊಡಗು, ಚಿಕ್ಕಮಗಳೂರಿನ ಕಾಫಿ ಕಾದಿರುತ್ತದೆ. ಕಾಫಿ ತಾಳುವ ಬಾಡಿಗೆಯನ್ನು ಜೋಳ ತಾಳಲಾರದು.

ಇನ್ನು ಘಟ್ಟ. ಆಗುಂಬೆಯಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲ. ಶಿರಾಡಿ ಮಳೆಗಾಲದಲ್ಲಿ ಗುಡ್ಡ ಕುಸಿದು ಮುಚ್ಚುವುದುಂಟು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು 55 ಕಿ.ಮೀ. ರೈಲುದಾರಿಯಲ್ಲಿ ಪ್ರತಿ 50 ಮೀಟರಿಗೆ ಒಂದು ಮೀಟರಿನಷ್ಟು ಇಳಿಜಾರಿದೆ. ಚಿತ್ರದುರ್ಗದಿಂದ ಹೊರಟ ಲಾರಿಗೆ ಹೆದ್ದಾರಿಯಲ್ಲಿ ಬೆಂಗಳೂರು ದಾಟಿ ಚೆನ್ನೈ ಸೇರುವುದೇ ನಿಶ್ಚಿಂತೆಯೆನಿಸಿದರೆ ತಪ್ಪೇನು? ಈ ಘಟ್ಟವನ್ನು ಗೆದ್ದದ್ದೆಂದರೆ ಕುದುರೆಮುಖದ ಕಬ್ಬಿಣದ ಅದಿರು. ಅದು 67 ಕಿ.ಮೀ. ಕೊಳವೆಯಲ್ಲಿ ನೀರಿನೊಂದಿಗೆ ಹರಿದು ಪಣಂಬೂರು ಸೇರುತ್ತಿತ್ತು. 2005ರ ಕೊನೆಗೆ ಆ ಗಣಿಗಾರಿಕೆಯೂ ನಿಂತಿತು.

ವಿಳಿಂಜಂ ವಿಷಯದಲ್ಲಿ ನಿಮ್ಮ ಆತಂಕವನ್ನು ನಾವು ಒಪ್ಪುವುದಿಲ್ಲ. 2025ರ ಮೇ 2ರಂದು ಉದ್ಘಾಟನೆಯಾದ ಆ ಬಂದರಿಗೆ ಸಹಜವಾದ ಆಳವಿದೆ, ಅಂತರರಾಷ್ಟ್ರೀಯ ಹಡಗುಮಾರ್ಗವೂ ಸಮೀಪದಲ್ಲಿದೆ; ಅದರ ನೇರ ಪೈಪೋಟಿ ಕೊಲಂಬೊ ಜೊತೆಗೆ. ಮಂಗಳೂರಿನಿಂದ ಚಿಕ್ಕ ಫೀಡರ್ ಹಡಗಿನಲ್ಲಿ ಕೊಲಂಬೊಗೆ ಹೋಗಿ ದೊಡ್ಡ ಹಡಗು ಹತ್ತುವ ಕಂಟೇನರು ಇನ್ನು ಮುಂದೆ ವಿಳಿಂಜಂನಲ್ಲೇ ಹತ್ತಬಹುದು, ಅಷ್ಟೆ. ಫೀಡರ್ ಹಡಗು ಪದೇ ಪದೇ ಬರುವಂತಾದರೆ ಮಂಗಳೂರಿಗೂ ಲಾಭವೇ.

ಹಾಗೆಂದು ನಿಮ್ಮ ಬಾಡಿಗೆ ನಾಳೆಯೇ ಇಳಿಯದು. ದಾವಣಗೆರೆಯ ಅಕ್ಕಿ ಗಿರಣಿಯವರೂ ಜೋಳದ ವರ್ತಕರೂ ಸೇರಿ, ಸುಗ್ಗಿಯಲ್ಲಷ್ಟೇ ಅಲ್ಲದೆ ವರ್ಷವಿಡೀ ಇಷ್ಟು ಸರಕು ಕೊಡುತ್ತೇವೆಂದು ಬರೆದುಕೊಟ್ಟರೆ, ಖಾಲಿ ಕಂಟೇನರು ಕಳುಹಿಸುವ ಬಗ್ಗೆ ಹಡಗು ಕಂಪನಿಯವರು ಮಾತಿಗೆ ಕೂರಬಹುದೆಂಬುದು ನಮ್ಮ ಅಭಿಪ್ರಾಯ.