24ರ ಸಂಜೆ ಪೇಟೆಗೆ ಹೋಗಬೇಡ

ಅಕ್ಕ ಎಂದು ಕರೆದಿದ್ದೀಯ, ಹಾಗಾಗಿ ನೀನು ಎಂದೇ ಬರೆಯುತ್ತೇನೆ. ದಾವಣಗೆರೆಯಿಂದ ಇಂಗ್ಲೆಂಡಿನ ರೆಡಿಂಗಿಗೆ ಬಂದು ಮೂರು ತಿಂಗಳಾಯಿತು, ಮಗಳಿಗೆ ಈಗಷ್ಟೇ ಎರಡು ತುಂಬಿದೆ, ಕ್ರಿಸ್‌ಮಸ್ಸಿಗೆ ಏನು ಕೊಳ್ಳಬೇಕೋ ತೋಚುತ್ತಿಲ್ಲ, ಹಬ್ಬದ ಹಿಂದಿನ ಸಂಜೆ ಯಜಮಾನರು ಕೆಲಸದಿಂದ ಬಂದ ಮೇಲೆ ಮೂವರೂ ಪೇಟೆಗೆ ಹೋದರೆ ಸಾಲದೇ ಎಂದು ಕೇಳಿದ್ದೀಯ. ಸಾಲದು. 2009ರಲ್ಲಿ ಈ ಊರಿಗೆ ಬಂದ ನಾನೂ ಹೀಗೇ ಲೆಕ್ಕ ಹಾಕಿ ಕೆಟ್ಟವಳು, ಅದಕ್ಕೇ ಇಷ್ಟು ಖಡಾಖಂಡಿತ.

ನಮ್ಮ ತಲೆಯಲ್ಲಿ ಇರುವುದು ಗೌರಿ ಹಬ್ಬದ ಹಿಂದಿನ ರಾತ್ರಿ. ಗಾಂಧಿ ಬಜಾರಿನಲ್ಲಿ ಹತ್ತು ಗಂಟೆಯ ಮೇಲೂ ಬಾಳೆಕಂದು ಸಿಗುತ್ತದೆ, ಹೊತ್ತು ಹೋದಷ್ಟೂ ಹೂವಿನವಳೊಡನೆ ಚೌಕಾಸಿಗೆ ಬಲ ಬರುತ್ತದೆ, ಹಬ್ಬದ ಬೆಳಗ್ಗೆ ಬೆಲ್ಲ ಮರೆತದ್ದು ನೆನಪಾದರೆ ಬೀದಿ ಕೊನೆಯ ಶೆಟ್ಟರು ಅರ್ಧ ಬಾಗಿಲು ಎತ್ತಿ ಕೊಡುತ್ತಾರೆ. ಇಲ್ಲಿ ಹಬ್ಬದ ಹಿಂದಿನ ದಿನವೇ ಪೇಟೆ ಬೇಗ ಮಲಗುತ್ತದೆ. ನಾಲ್ಕು ಗಂಟೆಗೆ ಕತ್ತಲು, ಐದಾರು ಗಂಟೆಗೆಲ್ಲ ಬಾಗಿಲು. ಹಬ್ಬದ ದಿನವಂತೂ ದೊಡ್ಡ ಅಂಗಡಿ ತೆರೆಯುವಂತೆಯೇ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಅದಕ್ಕೆಂದೇ 2004ರಲ್ಲಿ ಕಾನೂನು ಮಾಡಿದ್ದಾರೆ: 280 ಚದರ ಮೀಟರಿಗಿಂತ ದೊಡ್ಡ ಅಂಗಡಿ ಡಿಸೆಂಬರ್ 25ರಂದು ವ್ಯಾಪಾರ ಮಾಡಬಾರದು. ನಮ್ಮ ಅಳತೆಯಲ್ಲಿ ಹೇಳುವುದಾದರೆ ಮೂವತ್ತು-ನಲವತ್ತರ ಎರಡೂವರೆ ಸೈಟಿನಷ್ಟು ಜಾಗ. ಅಂದರೆ ನೀನು ವಾರ ವಾರ ಹೋಗುವ ಸೂಪರ್‌ಮಾರ್ಕೆಟ್ಟುಗಳೆಲ್ಲ ಬಂದ್. ಇದರ ಜೊತೆಗೆ, ಭಾನುವಾರ ದೊಡ್ಡ ಅಂಗಡಿಗಳಿಗೆ ಆರೇ ಗಂಟೆಯ ವ್ಯಾಪಾರ. 2023ರಲ್ಲಿ 24ನೇ ತಾರೀಖು ಭಾನುವಾರವೇ ಬಂದು ಎಷ್ಟೋ ಜನ ಮುಚ್ಚಿದ ಬಾಗಿಲು ನೋಡಿಕೊಂಡು ಮರಳಿದರು. ಈ ಸಲ, 2025ರಲ್ಲಿ, ಬುಧವಾರ ಬಂದಿರುವುದು ನಿನ್ನ ಅದೃಷ್ಟ.

ಇನ್ನು ಏನು ಕೊಳ್ಳಬೇಕು? ಪೇಟೆಯ ದೀಪ ನೋಡಿದರೆ ಉಡುಗೊರೆಯೇ ಎಲ್ಲ ಅನ್ನಿಸುತ್ತದೆ. ನಿಜಕ್ಕೂ ಕೊನೆ ಗಳಿಗೆಯಲ್ಲಿ ತಪ್ಪದೇ ಆಗಬೇಕಾದ ಖರೀದಿ ಹಾಲು, ನ್ಯಾಪಿ, ಜ್ವರದ ಸಿರಪ್ಪು, ಬ್ಯಾಟರಿ. ನಾನು ಇದನ್ನು ಕಲಿತದ್ದು 2014ರಲ್ಲಿ.

ಮಗನಿಗೆ ಆಗ ಎರಡೂವರೆ. 24ರ ಮಧ್ಯಾಹ್ನ ಅವನು ಮಲಗುವ ಹೊತ್ತನ್ನು ತಪ್ಪಿಸಿ ಮೂರು ಗಂಟೆಗೆ ಹೊರಟೆವು. ಹೊರಗೆ ಕೊರೆಯುವ ಚಳಿ, ಒಳಗೆ ಹೀಟರಿನ ಧಗೆ, ಮೈಮೇಲೆ ತಲೆಯಿಂದ ಕಾಲಿನವರೆಗೆ ದಪ್ಪನೆಯ ಅಂಗಿ. ಹತ್ತು ನಿಮಿಷಕ್ಕೆ ಕೆನ್ನೆ ಕೆಂಪೇರಿತು, ಇಪ್ಪತ್ತು ನಿಮಿಷಕ್ಕೆ ಒಂದು ಬೂಟು ಎಲ್ಲೋ ಬಿತ್ತು. ತರಕಾರಿ ಸಾಲಿನಲ್ಲಿ ಬ್ರಸೆಲ್ಸ್ ಸ್ಪ್ರೌಟ್ಸ್ ಎಂಬ, ನಿಂಬೆಹಣ್ಣಿಗಿಂತ ಚಿಕ್ಕದಾದ ಎಲೆಕೋಸಿನ ಬಲೆಚೀಲ ಕಣ್ಣಿಗೆ ಬಿದ್ದದ್ದೇ ಅಪ್ಪಿಕೊಂಡ. ಬಿಡಿಸಲು ಹೋದರೆ ಅಂಗಡಿ ಹಾರಿಹೋಗುವಂಥ ಕಿರುಚಾಟ. ಕೌಂಟರಿನ ಹುಡುಗಿ ಬಿಲ್ಲು ಹಾಕಲು ಚೀಲ ಕೇಳಿದಳು, ಇವನು ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಕೊನೆಗೆ ಅವಳೇ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ತಂದು, ಟ್ರಾಲಿಯಲ್ಲಿ ಕೂತಿದ್ದ ಅವನ ತೊಡೆಯ ಮೇಲಿದ್ದ ಚೀಲಕ್ಕೆ ಬಗ್ಗಿ ಬೆಳಕು ಹಾಯಿಸಿದಳು. ಕಿಂ ಎಂದ ಸದ್ದಿಗೆ ಅಳು ನಿಂತಿತು. ಹಿಂದೆ ಹನ್ನೆರಡು ಟ್ರಾಲಿ ನಿಂತಿದ್ದವು, ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಈ ಜನರ ಸಾಲು ನಿಲ್ಲುವ ತಾಳ್ಮೆಗೆ ನಾನು ಅಂದೇ ಕೈಮುಗಿದೆ.

ಮನೆಗೆ ಬಂದು ಚೀಲ ಬಿಚ್ಚಿದರೆ ಉಡುಗೊರೆಯ ಕಾಗದ ಮೂರು ಸುರುಳಿ, ಇಬ್ಬರು ಎರಡು ತುದಿ ಹಿಡಿದೆಳೆದರೆ ಪಟ್ಟೆನ್ನುವ ಕಾಗದದ ಕ್ರ್ಯಾಕರ್ ಒಂದು ಡಬ್ಬಿ, ಎಲೆಕೋಸಿನ ಮರಿಗಳು ಅರ್ಧ ಕಿಲೋ. ಹಾಲಿಲ್ಲ. ಮಾರನೆಯ ಬೆಳಗ್ಗೆ ಕಾಫಿಯಿಲ್ಲದ ಮುಖ ಹೊತ್ತು ಇವರು ಅರ್ಧ ಗಂಟೆ ನಡೆದು, ಜಾಫ್ನಾ ಕಡೆಯ ತಮಿಳರೊಬ್ಬರ ಸಣ್ಣ ಅಂಗಡಿ ತೆರೆದಿದ್ದನ್ನು ಕಂಡು ಹಾಲು ತಂದರು. ಸಣ್ಣ ಅಂಗಡಿಗಳಿಗೆ ಆ ಕಾನೂನು ತಾಗುವುದಿಲ್ಲ. ನಿಮ್ಮ ಬೀದಿಯ ಆಸುಪಾಸಿನಲ್ಲಿ ಅಂಥದ್ದೊಂದು ಇದೆಯೇ, ಆ ದಿನ ತೆರೆಯುತ್ತಾರೆಯೇ ಎಂದು ಈಗಲೇ ಕೇಳಿಟ್ಟುಕೋ. ಎಲೆಕೋಸಿನ ಮರಿಗಳನ್ನು ನಾಲ್ಕಾಗಿ ಸೀಳಿ, ಕಾಯಿತುರಿ ಹಾಕಿ ಪಲ್ಯ ಮಾಡಿದೆ. ತುಸು ಕಹಿ, ಆದರೆ ಚಪಾತಿಗೆ ಸೊಗಸು.

ಔಷಧಿಯ ಮಾತು ಹಗುರವಾಗಿ ತೆಗೆದುಕೊಳ್ಳಬೇಡ. ಈ ವರ್ಷ 25 ಗುರುವಾರ, 26 ಬಾಕ್ಸಿಂಗ್ ಡೇ ರಜೆ, ಆಮೇಲೆ ಶನಿವಾರ, ಭಾನುವಾರ. ನಿಮ್ಮ ಜಿಪಿಯ, ಅಂದರೆ ಹೆಸರು ನೋಂದಾಯಿಸಿದ ಕುಟುಂಬ ವೈದ್ಯರ, ಬಾಗಿಲು ಹೆಚ್ಚುಕಡಿಮೆ ನಾಲ್ಕು ದಿನ ತೆರೆಯದು, 25ರಂದು ಔಷಧಿ ಅಂಗಡಿಯೂ ಅಲ್ಲೊಂದು ಇಲ್ಲೊಂದು. ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ ಒಂದು ಬಾಟಲಿ ಮನೆಯಲ್ಲಿರಲಿ. ಏನಾದರೂ ಅನುಮಾನ ಬಂದರೆ ಸರ್ಕಾರಿ ಆರೋಗ್ಯ ಸಲಹೆಯ ನಂಬರು 111ಕ್ಕೆ ಕರೆ ಮಾಡು, ರಾತ್ರಿಯೂ ಎತ್ತುತ್ತಾರೆ. ಪ್ರಾಣಕ್ಕೆ ಕುತ್ತು ಅನ್ನಿಸಿದರೆ 999.

ಆಟಿಕೆ ಒಂದೇ ಸಾಕು. ಪೆಟ್ಟಿಗೆಯ ಮೇಲೆ ಕೆಂಪು ವೃತ್ತದೊಳಗೆ ಮಗುವಿನ ಮುಖ, 0-3 ಎಂದು ಬರೆದು ಅಡ್ಡಗೆರೆ ಎಳೆದಿದ್ದರೆ ಅದು ನಿನ್ನ ಮಗಳಿಗಲ್ಲ. ಬಿಡಿಭಾಗ ಗಂಟಲಿಗೆ ಸಿಕ್ಕೀತು. ಇನ್ನೊಂದು, ನನಗೆ ತೀರಾ ಭಯ ಹುಟ್ಟಿಸುವ ವಸ್ತು: ಹಾಡುವ ಕಾರ್ಡು, ಮಿನುಗುವ ಟೊಪ್ಪಿಗೆಗಳ ಒಳಗಿನ ಬಟನ್ ಬ್ಯಾಟರಿ. ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳವನ್ನು ಸುಟ್ಟುಬಿಡಬಲ್ಲದು. ನುಂಗಿದ ಅನುಮಾನ ಬಂದರೂ ಕಾಯದೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ. ಅಂಥದ್ದನ್ನು ಯಾರಾದರೂ ಕೊಟ್ಟರೆ ನಗುತ್ತಾ ತೆಗೆದುಕೊಂಡು ಬೀರುವಿನ ಮೇಲಿಡು. ಬೇರೆಯವರಿಗೆ ನೀನು ಕೊಡುವುದಾದರೆ ಗಿಫ್ಟ್ ರಸೀದಿ ಕೇಳಿ ತೆಗೆದುಕೋ, ಅದರಲ್ಲಿ ಬೆಲೆ ಇರುವುದಿಲ್ಲ. ಹಿಡಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅಂಗಡಿಯವರು ವಾಪಸ್ ತೆಗೆದುಕೊಳ್ಳಲೇಬೇಕೆಂಬ ನಿಯಮವೇನೂ ಇಲ್ಲ.

ನರ್ಸರಿಯ ಟೀಚರುಗಳಿಗೆ ಏನು ಎಂದು ಕೇಳಿದ್ದೀಯ. ಕಡ್ಡಾಯವಲ್ಲ. ಒಂದು ಡಬ್ಬಿ ಬಿಸ್ಕತ್ತು, ಮಗಳು ಗೀಚಿದ ಒಂದು ಕಾರ್ಡು ಧಾರಾಳ. ನೀನು ಊರಿನಿಂದ ತಂದ ಶೇಂಗಾ ಹೋಳಿಗೆ ಮಾತ್ರ ಬೇಡ, ಬಹಳಷ್ಟು ನರ್ಸರಿಗಳು ಶೇಂಗಾ, ಬಾದಾಮಿಯನ್ನು ಒಳಗೆ ಬಿಡುವುದಿಲ್ಲ. ಅದಕ್ಕೆ ತಕ್ಕ ಮನೆ ಯಾವುದು ಎಂದು ಮುಂದೆ ಹೇಳುತ್ತೇನೆ.

ನೀವು ಮಾಂಸ ತಿನ್ನದವರು ಎಂದಿರುವುದರಿಂದ ನಮ್ಮ ಮೊದಲ ವರ್ಷದ ಕಥೆ ಕೇಳು. ಪಕ್ಕದ ಮನೆಯವರು ಮಿನ್ಸ್ ಪೈ ಕೊಟ್ಟರು. ಮಿನ್ಸ್ ಎಂದರೆ ಖೀಮಾ ಅಲ್ಲವೇ ಎಂದು ಮುಟ್ಟಲಿಲ್ಲ. ಅವರೇ ಕೊಟ್ಟ ಕಪ್ಪನೆಯ ಕ್ರಿಸ್‌ಮಸ್ ಪುಡಿಂಗನ್ನು, ದ್ರಾಕ್ಷಿ ತುಂಬಿದೆಯಲ್ಲ ಎಂದು, ಚಪ್ಪರಿಸಿ ತಿಂದೆವು. ಆಮೇಲೆ ಡಬ್ಬಿ ಓದಿದರೆ ಪುಡಿಂಗಿನಲ್ಲಿ ಸೂಯೆಟ್ ಇತ್ತು, ದನದ ಮೂತ್ರಪಿಂಡದ ಸುತ್ತಲಿನ ಕೊಬ್ಬು. ಪೈಯಲ್ಲಿ ಒಣಹಣ್ಣು, ಸಕ್ಕರೆ, ಮಸಾಲೆ ಅಷ್ಟೇ. ಹಾಗೆಂದು ಪೈಗಳೆಲ್ಲ ಸಸ್ಯಾಹಾರವೂ ಅಲ್ಲ, ಕೆಲವಕ್ಕೆ ಅದೇ ಕೊಬ್ಬು ಹಾಕುತ್ತಾರೆ. ಹೆಸರು ನಂಬಬೇಡ, ಡಬ್ಬಿಯ ಮೇಲಿನ ಸಸ್ಯಾಹಾರದ ಗುರುತು ನೋಡಿ ಕೊಳ್ಳು.

ಹೊರಡುವ ಹೊತ್ತು ನಾನು ಹೇಳುವುದು 22 ಅಥವಾ 23ರ ಬೆಳಗ್ಗೆ, ಅಂಗಡಿ ತೆರೆದ ಕೂಡಲೇ, ಮಗಳ ಹೊಟ್ಟೆ ತುಂಬಿ ನಿದ್ದೆ ಇನ್ನೂ ದೂರವಿರುವಾಗ. ಅಂಗಡಿಗೆ ಕಾಲಿಟ್ಟ ತಕ್ಷಣ ಅವಳ ಕೋಟು ತೆಗೆ. ಕಾರಿನಲ್ಲೂ ದಪ್ಪ ಕೋಟಿನ ಮೇಲೆ ಬೆಲ್ಟ್ ಬಿಗಿಯಬಾರದು, ಅಪಘಾತವಾದರೆ ಬೆಲ್ಟ್ ಸಡಿಲವಾಗಿ ಮಗು ಜಾರುತ್ತದೆ. ಬೆಲ್ಟ್ ಹಾಕಿ, ಮೇಲೆ ಕಂಬಳಿ ಹೊದಿಸು.

25ರಂದು ರೈಲು ಓಡುವುದಿಲ್ಲ, ಬಸ್ಸು ಇದ್ದರೂ ಬೆರಳೆಣಿಕೆ. ನಿಮ್ಮಲ್ಲಿ ಕಾರಿಲ್ಲದಿದ್ದರೆ ಹನ್ನೊಂದು ಗಂಟೆಗೆ ನಮ್ಮವರು ಬಂದು ಕರೆತರುತ್ತಾರೆ, ನನ್ನ ಮಗನ ಹಳೆಯ ಕಾರ್ ಸೀಟು ನಿನ್ನ ಮಗಳ ತೂಕ, ಎತ್ತರಕ್ಕೆ ಹೊಂದುವುದಿಲ್ಲ, ಅವಳದ್ದೇ ಸೀಟು ಇದ್ದರೆ ಬಾಗಿಲ ಬಳಿ ತೆಗೆದಿಡು. ಮಧ್ಯಾಹ್ನ ಬಿಸಿಬೇಳೆ ಭಾತ್. ಆ ಶೇಂಗಾ ಹೋಳಿಗೆ ಇಲ್ಲಿಗೆ ತಾ. ಹಾಲು ತರಬೇಡ, ಆದರೆ ಮೊಸರಿನ ಹೆಪ್ಪು ಇದ್ದರೆ ಅರ್ಧ ಲೋಟ ಹಾಕಿಕೊಂಡು ಬಾ. ನನ್ನದು ಈ ಚಳಿಗೆ ಕೂಡುತ್ತಿಲ್ಲ.